ಮುಳ್ಳು ಚುಚ್ಚಿದರೆ ಗೊತ್ತಾಗದ ಕಾಲು, ಚಾದರ ತಾಕಿದರೆ ಉರಿಯುವ ಕಾಲು

ಲಿಂಬೆ ಗಿಡದ ಮುಳ್ಳು ನೋಡಿದವರಿಗೆ ಗೊತ್ತು, ಅದು ಸಣ್ಣದಲ್ಲ. ಎರಡು ವರ್ಷದ ಹಿಂದೆ ಅಂಥದ್ದೊಂದು ನನ್ನ ಚಪ್ಪಲಿಯ ಅಟ್ಟೆ ತೂರಿ ಎಡಗಾಲಿನ ಹೆಬ್ಬೆರಳ ಬುಡಕ್ಕೆ ಹೊಕ್ಕಿತ್ತು. ಬೆಳಿಗ್ಗೆ ತೋಟದಲ್ಲಿ ಹೊಕ್ಕಿದ್ದು, ಸಂಜೆ ತನಕ ನನಗೆ ಸುದ್ದಿಯೇ ಇಲ್ಲ. ಇಂಡಿ ಪೇಟೆಗೆ ಹೋಗಿ ಬಂದೆ, ಲಿಂಬೆಯ ರೇಟು ಕೇಳಿದೆ, ಚಹಾ ಕುಡಿದೆ. ಮನೆಗೆ ಬಂದು ಚಪ್ಪಲಿ ಬಿಡಲು ಹೋದರೆ ಅದು ಕಾಲಿಗೇ ಅಂಟಿಕೊಂಡು ಮೇಲೆ ಬಂತು. "ಅಯ್ಯ, ಇದೇನ್ರಿ ರಕ್ತ!" ಅಂತ ಮನೆಯವಳು ಕೂಗಿದಾಗಲೇ ನಾನು ಕೆಳಗೆ ನೋಡಿದ್ದು.

ಅದೇ ಕಾಲು ಅದೇ ರಾತ್ರಿ ಹನ್ನೊಂದಕ್ಕೆ ಚಾದರದ ಅಂಚು ತಾಕಿದ್ದಕ್ಕೆ ಉರಿದೆದ್ದು ನನ್ನನ್ನು ಎಬ್ಬಿಸಿ ಕೂಡಿಸಿತು.

ಮುಳ್ಳು ಗೊತ್ತಾಗದ ಕಾಲಿಗೆ ಚಾದರ ಹೇಗೆ ನೋಯುತ್ತದೆ? ಈ ಒಗಟು ಬಿಡಿಸಿಕೊಳ್ಳಲು ನನಗೆ ಬಹಳ ದಿನ ಹಿಡಿಯಿತು. ಶುಗರ್, ಅಂದರೆ ಸಕ್ಕರೆ ಕಾಯಿಲೆ, ಬಹಳ ದಿನ ಏರಿಯೇ ಇದ್ದರೆ ಕಾಲಿನ ನರ ಕೆಡುತ್ತದೆ, ನನಗಾದದ್ದು ಅದೇ. ನರ ಕೆಟ್ಟಾಗ ಎರಡು ಕೆಲಸ ಒಟ್ಟಿಗೇ ಆಗುತ್ತವೆ. ಬರಬೇಕಾದ ಸುದ್ದಿ ಬರುವುದಿಲ್ಲ, ಇಲ್ಲದ ಸುದ್ದಿ ಬರುತ್ತದೆ. ಹಾಗಾಗಿ ಉರಿಗೆ ಗುಳಿಗೆ ನುಂಗುವುದು ಅರ್ಧ ಕೆಲಸ ಅಷ್ಟೇ. ಮರಗಟ್ಟಿದ ಕಾಲನ್ನು ಕಾಯುವುದು ಇನ್ನರ್ಧ. ನಮ್ಮಲ್ಲಿ ಹೆಚ್ಚಿನವರು ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಡುತ್ತಾರೆ. ನಾನೂ ಹಾಗೇ ಇದ್ದೆ.

ಮೊದಲು, ಇದು ನರದ ಬ್ಯಾನಿಯೇನಾ ನೋಡಿಕೊಳ್ಳಿ

ಮಂಡಿ ಸವೆದಿದ್ದರೆ ನಡೆದಾಗ ನೋವು, ಕೂತರೆ ಆರಾಮ. ನರದ ನೋವು ಉಲ್ಟಾ. ಹಗಲು ಕೆಲಸದಲ್ಲಿ ಸುಮ್ನಿರುತ್ತದೆ, ಮಲಗಿದ ಮೇಲೆ ಶುರುವಾಗುತ್ತದೆ. ನಮ್ಮ ಕಡೆ ಜನ ಅದನ್ನು ಹೇಳುವ ಮಾತುಗಳನ್ನೇ ಕೇಳಿ: "ಅಂಗಾಲಾಗ ಕೆಂಡ ಇಟ್ಟಂಗ", "ಇರಿವಿ ಹರದಂಗ", "ಜುಮ್ ಜುಮ್ ಅಂತದ", "ಹತ್ತಿ ಮ್ಯಾಲ ನಡದಂಗ". ಎರಡೂ ಕಾಲಿಗೆ ಹೆಚ್ಚುಕಮ್ಮಿ ಒಂದೇ ಥರ ಆಗುತ್ತದೆ. ಬೆರಳ ತುದಿಯಿಂದ ಶುರುವಾಗಿ ಸಾಕ್ಸ್ ಏರಿಸಿದ ಹಾಗೆ ಮೇಲಕ್ಕೆ ಬರುತ್ತದೆ.

ಕಾಲಿಗೇ ಯಾಕೆ ಮೊದಲು? ಇಂಡಿ ಶಾಖಾ ಕಾಲುವೆಯ ಕೊನೆಯಲ್ಲಿ ಹೊಲ ಇದ್ದವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಸೊಂಟದಿಂದ ಬೆರಳ ತನಕ ಹೋಗುವ ನರ ಮೈಯಲ್ಲೇ ಉದ್ದನೆಯದು, ಸುಮಾರು ಒಂದು ಮೀಟರ್. ಎಲ್ಲಿ ಕೊರತೆಯಾದರೂ ಮೊದಲು ಒಣಗುವುದು ಟೇಲ್ ಎಂಡ್.

ಒಂದೇ ಕಾಲಿಗೆ, ಸೊಂಟದಿಂದ ಎಳೆದುಕೊಂಡು ಬಂದರೆ ಅದು ಬೆನ್ನಿನ ಡಿಸ್ಕ್ ಇರಬಹುದು. ಸ್ವಲ್ಪ ದೂರ ನಡೆದ ಕೂಡಲೇ ಮೀನಖಂಡ ಹಿಡಿದು, ನಿಂತರೆ ಬಿಡುತ್ತಿದ್ದರೆ ರಕ್ತನಾಳದ ತೊಂದರೆ ಇರಬಹುದು. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆಗೆ ಹಿಮ್ಮಡಿ ಚುಚ್ಚಿದರೆ ಅದು ಬೇರೆಯೇ ಕತೆ. ಇವುಗಳ ಮದ್ದೂ ಬೇರೆ.

"ಉಷ್ಣ ಆಗೇದ" ಅಂತ ನಾನು ಒಂದು ಬೇಸಿಗೆ ಪೂರ್ತಿ ಸಬ್ಜಾ ನೀರು ಕುಡಿದೆ. ಆಗ ಶುಗರ್ 280 ಇತ್ತು. ನೋಡಿಸಿಯೇ ಇರಲಿಲ್ಲ.

ಕಣ್ಣು ಮುಚ್ಚಿ, ಆರು ಬೆರಳು

ಇದು ಮನೆಯಲ್ಲೇ ಮಾಡಬಹುದಾದ ಪರೀಕ್ಷೆ, ಖರ್ಚಿಲ್ಲ. ಕಾಲು ಚಾಚಿ ಮಲಗಿ ಕಣ್ಣು ಮುಚ್ಚಿ. ಮನೆಯವರು ಯಾರಾದರೂ ತಮ್ಮ ತೋರುಬೆರಳ ತುದಿಯಿಂದ ನಿಮ್ಮ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿಯನ್ನು ಮುಟ್ಟಲಿ. ಎರಡೂ ಕಾಲು ಸೇರಿ ಆರು ಬೆರಳು. ಹೂವಿನ ಹಾಗೆ ಹಗುರಕ್ಕೆ, ಒಂದೆರಡು ಸೆಕೆಂಡ್ ಮುಟ್ಟಿದರೆ ಸಾಕು. ಒತ್ತಬಾರದು, ಕಚಗುಳಿ ಇಡಬಾರದು, "ಈಗ ಗೊತ್ತಾಯ್ತಾ?" ಅಂತ ಕೇಳಲೂಬಾರದು. ಮುಟ್ಟಿದಾಗ ನೀವೇ ಎಡ, ಬಲ ಅಂತ ಹೇಳಬೇಕು. ಆರರಲ್ಲಿ ಎರಡು ಅಥವಾ ಜಾಸ್ತಿ ತಪ್ಪಿದರೆ ಕಾಲಿನ ಸ್ಪರ್ಶ ಕಡಿಮೆಯಾಗಿದೆ ಅಂತ ಅರ್ಥ. ನನಗೆ ನಾಲ್ಕು ತಪ್ಪಿತ್ತು. ನನ್ನ ಮೊಮ್ಮಗಳು ಮುಟ್ಟಿಯೇ ಇಲ್ಲ ಅಂತ ನಾನು ಅವಳ ಜೊತೆ ಜಗಳಕ್ಕೇ ಬಿದ್ದಿದ್ದೆ.

ದವಾಖಾನೆಯಲ್ಲಿ ಏನು ಹೇಳಬೇಕು

"ಕಾಲು ನೋವು ರೀ" ಅಂದರೆ ನೋವಿನ ಗುಳಿಗೆ ಕೊಟ್ಟು ಕಳಿಸುತ್ತಾರೆ. ತಪ್ಪು ಅವರದ್ದೊಂದೇ ಅಲ್ಲ, ನಾವು ಹೇಳಿದ್ದೇ ಅಷ್ಟು. ಉರಿಯೋ, ಚುಚ್ಚೋ, ಜೋಮೋ ಹೇಳಿ. ರಾತ್ರಿ ಎಷ್ಟು ಸಲ ಎಚ್ಚರ ಆಗುತ್ತದೆ, ಎಲ್ಲಿಯ ತನಕ ಏರಿದೆ, ಎಷ್ಟು ತಿಂಗಳಾಯಿತು ಹೇಳಿ. ಬೇರೆ ಯಾವ ಗುಳಿಗೆ ತಗೊಳ್ಳುತ್ತೀರೋ ಅವುಗಳ ಪಟ್ಟಿಯನ್ನೆಲ್ಲ (ಸ್ಟ್ರಿಪ್) ಚೀಲದಲ್ಲಿ ಹಾಕಿಕೊಂಡು ಹೋಗಿ. ಮುಖ್ಯವಾಗಿ, ಕೂತ ಕೂಡಲೇ ಚಪ್ಪಲಿ, ಸಾಕ್ಸ್ ಬಿಟ್ಟು ಕಾಲು ಮುಂದೆ ಇಡಿ. ಕಾಲು ಕಣ್ಣಿಗೆ ಬಿದ್ದರೆ ಡಾಕ್ಟರು ನೋಡುತ್ತಾರೆ.

ಅವರು 10 ಗ್ರಾಂ ಭಾರಕ್ಕೆ ಬಾಗುವ ನೈಲಾನ್ ದಾರವನ್ನು ಅಂಗಾಲಿಗೆ ಒತ್ತಿ ನೋಡಬಹುದು. 128 ಹರ್ಟ್ಸಿನ ಟ್ಯೂನಿಂಗ್ ಫೋರ್ಕ್ ನಡುಗಿಸಿ ಹೆಬ್ಬೆರಳ ಎಲುಬಿಗೆ ಇಡಬಹುದು. ರಕ್ತದಲ್ಲಿ ನೋಡಿಸುವವು ಇಷ್ಟು: ಮೂರು ತಿಂಗಳ ಶುಗರಿನ ಸರಾಸರಿ ಹೇಳುವ ಎಚ್‌ಬಿಎ1ಸಿ, ವಿಟಮಿನ್ ಬಿ12, ಥೈರಾಯ್ಡ್, ಕಿಡ್ನಿಯ ಕ್ರಿಯಾಟಿನಿನ್. ನರದ ವೇಗ ಅಳೆಯುವ ಕರೆಂಟ್ ಪರೀಕ್ಷೆ ಎಲ್ಲರಿಗೂ ಬೇಕಾಗುವುದಿಲ್ಲ. ಅದು ದಪ್ಪ ನರಗಳನ್ನು ಮಾತ್ರ ಅಳೆಯುತ್ತದೆ. ಉರಿ ತರುವ ಸಣ್ಣ ನರಗಳು ಕೆಟ್ಟಿದ್ದರೂ ರಿಪೋರ್ಟು ನಾರ್ಮಲ್ ಬರಬಹುದು. ಆಗ "ನಿಮಗೇನೂ ಇಲ್ಲ, ಬರೇ ಟೆನ್ಶನ್" ಅನ್ನುವವರ ಮಾತಿಗೆ ಕುಗ್ಗಬೇಡಿ.

ಬಿ12 ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮಲ್ಲಿ ಮಾಂಸ, ಮೊಟ್ಟೆ ಮುಟ್ಟದ ಮನೆಗಳು ಬಹಳ. ಬಿ12 ಸೊಪ್ಪಿನಲ್ಲಿಲ್ಲ, ಕಾಳಿನಲ್ಲಿಲ್ಲ, ರೊಟ್ಟಿಯಲ್ಲಿಲ್ಲ. ನಮಗೆ ಸಿಗುವುದು ಹಾಲು, ಮೊಸರಿನಿಂದ ಮಾತ್ರ. ಅದರ ಮೇಲೆ, ಶುಗರಿಗೆ ಕೊಡುವ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡರೆ ಬಿ12 ಹೀರುವುದು ಕಡಿಮೆಯಾಗುತ್ತದೆ. ಹಾಗಂತ ಮೆಟ್‌ಫಾರ್ಮಿನ್ ಬಿಡಬೇಡಿ, ಬಿ12 ನೋಡಿಸಿ. ಕೊರತೆ ಬೇಗ ಸಿಕ್ಕರೆ ಗುಳಿಗೆ ಇಲ್ಲವೇ ಸೂಜಿಯಿಂದ ತುಂಬಿಸಬಹುದು, ನರವೂ ಸುಧಾರಿಸುತ್ತದೆ. ಈ ಕಾಯಿಲೆಯಲ್ಲಿ ಇಷ್ಟು ಸುಲಭವಾಗಿ ಸರಿಹೋಗುವ ಕಾರಣ ಬೇರೆ ಸಿಗುವುದು ಅಪರೂಪ.

ಇನ್ನುಳಿದ ಕಾರಣಗಳು: ಸಾರಾಯಿ, ಟಿಬಿಯ ಐಸೋನಿಯಾಜಿಡ್ ಗುಳಿಗೆ, ಕೆಲವು ಕ್ಯಾನ್ಸರ್ ಔಷಧ, ಕಿಡ್ನಿ ಕಾಯಿಲೆ. ಮೈಮೇಲೆ ಸ್ಪರ್ಶ ಇಲ್ಲದ ಮಚ್ಚೆಯೂ ಇದ್ದರೆ ಕುಷ್ಠ ಇದೆಯಾ ಅಂತ ನೋಡಿಸಲೇಬೇಕು. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಪುಕ್ಕಟೆ, ವಾಸಿಯಾಗುತ್ತದೆ. ನಾಚಿಕೆಯಿಂದ ಮುಚ್ಚಿಟ್ಟರೆ ಮಾತ್ರ ಬೆರಳು ಹೋಗುತ್ತವೆ.

ಶುಗರ್ ಇಳಿಸಿ, ಆದರೆ ಒಂದೇ ವಾರಕ್ಕಲ್ಲ

ಶುಗರ್ ಹತೋಟಿಗೆ ಬಾರದೆ ನರಕ್ಕೆ ಯಾವ ಮದ್ದೂ ನಿಲ್ಲುವುದಿಲ್ಲ. ಆದರೆ ಬಹಳ ದಿನ ಏರಿಯೇ ಇದ್ದ ಶುಗರನ್ನು ಉಪವಾಸ ಮಾಡಿ, ಗುಳಿಗೆ ಏರಿಸಿ ದಡದಡ ಇಳಿಸಿದರೆ ಉರಿ ಕೆಲವು ತಿಂಗಳು ಇನ್ನೂ ಜಾಸ್ತಿಯಾಗಬಹುದು. ಎಚ್‌ಬಿಎ1ಸಿ ಮೂರು ತಿಂಗಳಲ್ಲಿ 2 ಅಂಕಕ್ಕಿಂತ ಜಾಸ್ತಿ ಬಿದ್ದರೆ ಹೀಗಾಗುವುದುಂಟು. ಹೆದರಿ ಶುಗರಿನ ಔಷಧ ಬಿಡಬೇಡಿ. ಎಷ್ಟು ವೇಗವಾಗಿ ಇಳಿಸುವುದು ಅಂತ ಡಾಕ್ಟರ ಹತ್ತಿರ ಮಾತಾಡಿ.

ಮತ್ತೆ ನಮ್ಮ ರೊಟ್ಟಿ. "ಜ್ವಾಳದ ರೊಟ್ಟಿ ತಿಂದ್ರ ಶುಗರ್ ಬರೂದಿಲ್ಲ" ಅನ್ನುವ ನಂಬಿಕೆ ಇಂಡಿಯಿಂದ ಜಮಖಂಡಿ ತನಕ ಇದೆ. ಜೋಳದಲ್ಲಿ ನಾರು ಇದೆ, ಅನ್ನಕ್ಕಿಂತ ವಾಸಿ, ನಿಜ. ಆದರೆ ಅದೂ ಹಿಟ್ಟೇ ಅಲ್ವಾ? ನಾನು ಒಂದು ಹೊತ್ತಿಗೆ ನಾಲ್ಕು ತಿನ್ನುತ್ತಿದ್ದೆ. ಈಗ ಎರಡು. ಉಳಿದ ಜಾಗಕ್ಕೆ ಹೆಸರುಕಾಳಿನ ಪಲ್ಯ, ಜುಣಕ, ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ. ಶೇಂಗಾ ಹಿಂಡಿ ಬಿಟ್ಟಿಲ್ಲ. ಶೇಂಗಾ ಹೋಳಿಗೆ ಬಿಟ್ಟಿದ್ದೇನೆ, ದುಃಖದಿಂದ.

ತಂಬಾಕು, ಗುಟ್ಕಾ, ಬೀಡಿ ಬಿಡಿ. ಕಾಲಿಗೆ ಹೋಗುವ ರಕ್ತವನ್ನೇ ಅವು ಕಡಿಮೆ ಮಾಡುತ್ತವೆ. ಬಿಡುವುದು ಎಷ್ಟು ಕಷ್ಟ ಅಂತ ಗೊತ್ತಿದ್ದೇ ಹೇಳುತ್ತಿದ್ದೇನೆ.

ಉರಿಯ ಗುಳಿಗೆ

ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ಸಾಮಾನ್ಯ ನೋವಿನ ಗುಳಿಗೆ ನರದ ಉರಿಗೆ ಹೆಚ್ಚು ಕೆಲಸ ಮಾಡುವುದಿಲ್ಲ. ಶುಗರ್ ಇದ್ದವರ ಕಿಡ್ನಿಗೆ ಮಾತ್ರ ಸರಿಯಾಗಿ ಪೆಟ್ಟು ಕೊಡುತ್ತವೆ. ಸಂತೆಯ ದಿನ ಹೋಗಿ ಸೊಂಟಕ್ಕೊಂದು ಸೂಜಿ ಮಾಡಿಸಿಕೊಂಡು ಬರುವ ರೂಢಿ ನಮ್ಮಲ್ಲಿದೆಯಲ್ಲ, ಅದೂ ಇದೇ ಸಾಲಿಗೆ ಸೇರಿದ್ದು.

ನರಕ್ಕೆ ಅಂತಲೇ ಬೇರೆ ಔಷಧಗಳಿವೆ. ಪ್ರೆಗಾಬಾಲಿನ್, ಗಾಬಾಪೆಂಟಿನ್, ಡುಲೋಕ್ಸೆಟಿನ್, ಅಮಿಟ್ರಿಪ್ಟಿಲಿನ್, ನಾರ್‌ಟ್ರಿಪ್ಟಿಲಿನ್. ಕೊನೆಯ ಮೂರು ಮನಸ್ಸಿನ ಕಾಯಿಲೆಗೂ ಕೊಡುವಂಥವು. ಚೀಟಿ ಓದಿದ ಅಳಿಯ "ಮಾವನಿಗೆ ತಲಿ ಕೆಟ್ಟದೇನು?" ಅಂದರೆ ನಕ್ಕು ಸುಮ್ನಿರಿ. ನೋವಿನ ಸುದ್ದಿಯ ದನಿ ತಗ್ಗಿಸಲು ಅವೇ ಬೇಕು. ಯಾವುದು ಯಾರಿಗೆ ಅನ್ನುವುದನ್ನು ಡಾಕ್ಟರೇ ಹೇಳಬೇಕು. ಕಿಡ್ನಿ ದುರ್ಬಲ ಇದ್ದರೆ ಪ್ರೆಗಾಬಾಲಿನ್ ಪ್ರಮಾಣ ಕಡಿಮೆ ಮಾಡಬೇಕಾಗುತ್ತದೆ. ಹೃದಯದ ತೊಂದರೆ ಅಥವಾ ಮೂತ್ರ ಕಟ್ಟುವ ತೊಂದರೆ ಇದ್ದರೆ ಅಮಿಟ್ರಿಪ್ಟಿಲಿನ್ ವಿಷಯದಲ್ಲಿ ಜಾಗ್ರತೆ.

ನಿಮ್ಮ ಕಡೆಯಿಂದ ಆಗಬೇಕಾದದ್ದು ತಾಳ್ಮೆ. ಸಣ್ಣ ಪ್ರಮಾಣದಿಂದ ಶುರು ಮಾಡಿ ನಿಧಾನ ಏರಿಸುತ್ತಾರೆ. ಫಲ ಗೊತ್ತಾಗಲು ಕೆಲವು ವಾರ ಬೇಕು. ನಾನು ಪ್ರೆಗಾಬಾಲಿನ್ ಶುರು ಮಾಡಿದ ಮೊದಲ ವಾರ ತೂಗಾಡಿಕೊಂಡೇ ಇದ್ದೆ. ಬೆಳಿಗ್ಗೆ ಎದ್ದರೆ ನೆಲ ಹಡಗಿನಂತೆ. ಆಮೇಲೆ ಅದು ತಿಳಿಯಾಯಿತು. ಕಾಲು ಬಾತರೆ, ತಲೆ ಜಾಸ್ತಿ ಸುತ್ತಿದರೆ ಹೇಳಿ, ಪ್ರಮಾಣ ಬದಲಿಸುತ್ತಾರೆ ಇಲ್ಲವೇ ಔಷಧ ಬದಲಿಸುತ್ತಾರೆ. ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ. ಉರಿ ಪೂರ್ತಿ ಹೋಗಲಿ ಅಂತ ಕಾಯಬೇಡಿ. ಅರ್ಧ ತಗ್ಗಿದರೆ ಅದು ಒಳ್ಳೆಯ ಫಲ. ನನ್ನದು ಹತ್ತರಲ್ಲಿ ಎಂಟು ಇದ್ದದ್ದು ಈಗ ನಾಲ್ಕು. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ದಿನಾ ಆ ಅಂಕಿ ಬರೆಯುತ್ತೇನೆ. ಡಾಕ್ಟರು "ಹೇಗಿದೆ" ಅಂದರೆ ಮೊಬೈಲಿನಲ್ಲಿ ಆ ಕ್ಯಾಲೆಂಡರಿನ ಫೋಟೋ ತೋರಿಸುತ್ತೇನೆ.

ಗುಳಿಗೆಯ ಪಟ್ಟಿಯ ಮೇಲೆ ಸಣ್ಣ ಅಕ್ಷರದಲ್ಲಿ ಏನಿದೆ ಓದಿಸಿ. ಪ್ರೆಗಾಬಾಲಿನ್ ಮತ್ತು ಮೀಥೈಲ್‌ಕೋಬಾಲಮಿನ್ (ಅದು ಬಿ12ರ ಒಂದು ರೂಪ) ಸೇರಿದ ಗುಳಿಗೆ ಹತ್ತಾರು ಹೆಸರಿನಲ್ಲಿ ಬರುತ್ತದೆ. ಇಬ್ಬರು ಡಾಕ್ಟರು ಬೇರೆ ಬೇರೆ ಹೆಸರಿನಲ್ಲಿ ಬರೆದ ಒಂದೇ ಔಷಧವನ್ನು ಡಬಲ್ ನುಂಗುತ್ತಿದ್ದವರನ್ನು ನಾನು ಕಂಡಿದ್ದೇನೆ. "ನರಕ್ಕೆ ಶಕ್ತಿ" ಅಂತ ಬಿ6 ಇರುವ ಗುಳಿಗೆಗಳನ್ನು ತಿಂಗಳುಗಟ್ಟಲೆ ಸುಮ್ನೆ ನುಂಗುವುದೂ ಬೇಡ. ಬಿ6 ಮಿತಿ ಮೀರಿದರೆ ಅದೇ ನರ ಕೆಡಿಸುತ್ತದೆ. ಚೀಟಿಯಲ್ಲಿ ಔಷಧದ ಮೂಲ ಹೆಸರಿದ್ದರೆ ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ವರ್ಷಗಟ್ಟಲೆ ತಗೊಳ್ಳುವವರಿಗೆ ಅದು ಸಣ್ಣ ಮಾತಲ್ಲ.

ಹೆಸರಿಲ್ಲದ ಡಬ್ಬಿಯಲ್ಲಿ ಬರುವ ಕರಿ ಗುಳಿಗೆ, ಭಸ್ಮ ಬೇಡವೇ ಬೇಡ. ಅಂಥ ಕೆಲವು ಔಷಧಗಳಲ್ಲಿ ಸೀಸ, ಪಾದರಸ, ಆರ್ಸೆನಿಕ್ ಸಿಕ್ಕಿದ್ದುಂಟು. ಇವು ನರಕ್ಕೇ ವಿಷ.

ಇನ್ನು ಕ್ಯಾಪ್ಸೈಸಿನ್ ಮುಲಾಮು. ಮೆಣಸಿನಕಾಯಿಯ ಖಾರವೇ ಅದು. ದಿನಾ ಮೂರು ನಾಲ್ಕು ಸಲ ಹಚ್ಚಿದರೆ ಮೊದಲು ಉರಿ ಜಾಸ್ತಿಯಾಗಿ, ಕೆಲವು ವಾರಕ್ಕೆ ನೋವಿನ ನರ ದಣಿದು ಸುಮ್ಮನಾಗುತ್ತದೆ. ಗಾಯ ಇದ್ದಲ್ಲಿ ಹಚ್ಚಬಾರದು, ಹಚ್ಚಿದ ಕೈ ಸಾಬೂನಿನಿಂದ ತೊಳೆಯದೆ ಕಣ್ಣು ಮುಟ್ಟಬಾರದು. ಖಾರಪುಡಿಯನ್ನು ಎಣ್ಣೆಯಲ್ಲಿ ಕಲಸಿ ಹಚ್ಚಿಕೊಳ್ಳುವ ಪ್ರಯೋಗ ಮಾತ್ರ ಮಾಡಬೇಡಿ.

ರಾತ್ರಿ ಕಳೆಯುವುದು

ಚಾದರದ ಕಾಟಕ್ಕೆ ನಾನು ಕಂಡುಕೊಂಡ ಉಪಾಯ ಲಿಂಬೆಯ ಕ್ರೇಟು. ಖಾಲಿ ಪ್ಲಾಸ್ಟಿಕ್ ಕ್ರೇಟನ್ನು ಹಾಸಿಗೆಯ ಕಾಲದಿಕ್ಕಿಗೆ ಅಡ್ಡ ಇಟ್ಟು ಅದರ ಮೇಲೆ ಚಾದರ ಎಳೆದರೆ ಒಳಗೆ ಸಣ್ಣ ಗುಡಾರ. ಬೆರಳಿಗೆ ಏನೂ ತಾಕುವುದಿಲ್ಲ. ರಟ್ಟಿನ ಡಬ್ಬಿಯಾದರೂ ನಡೆಯುತ್ತದೆ.

ಮಲಗುವ ಮೊದಲು ಹತ್ತು ನಿಮಿಷ ಕೊಡದ ತಂಪು ನೀರಿನಲ್ಲಿ ಕಾಲಿಟ್ಟರೆ ಕೆಲವರಿಗೆ ಆರಾಮ. ಐಸ್ ಬೇಡ. ಬಿಸಿನೀರಂತೂ ಬೇಡ. ಇದು ನಮ್ಮ ಕಡೆಯ ದೊಡ್ಡ ಅನಾಹುತ: "ಕಾವು ಕೊಡ್ರಿ, ನರ ಸಡಲ ಆಗ್ತಾವ" ಅಂತ ಉಪ್ಪು ಹಾಕಿದ ಬಿಸಿನೀರು, ಕಾಯಿಸಿದ ಇಟ್ಟಿಗೆ, ಚಳಿಗಾಲದಲ್ಲಿ ಒಲೆಯ ಬೆಂಕಿ. ಮರಗಟ್ಟಿದ ಕಾಲಿಗೆ ಬಿಸಿ ಎಷ್ಟು ಅಂತ ಗೊತ್ತಾಗುವುದಿಲ್ಲ, ಬೊಬ್ಬೆ ಎದ್ದಮೇಲೆ ಗೊತ್ತಾಗುತ್ತದೆ. ಸ್ನಾನದ ನೀರನ್ನೂ ಮೊಣಕೈಯಿಂದ ಮುಟ್ಟಿ ನೋಡಿ. ಕಾಲಿನಿಂದ ನೋಡಬೇಡಿ, ಕೈಬೆರಳನ್ನೂ ನಂಬಬೇಡಿ.

ಸಂಜೆಯ ಹೊತ್ತು ನಡೆದರೆ ರಾತ್ರಿ ನಿದ್ದೆ ಸ್ವಲ್ಪ ಸಲೀಸು. ನಡೆಯಲಾಗದವರು ಕುರ್ಚಿಯಲ್ಲಿ ಕೂತು ಪಾದ ಮೇಲೆ ಕೆಳಗೆ ಆಡಿಸಲಿ. ನೆಲಕ್ಕೆ ಟವಲ್ ಹಾಸಿ ಬೆರಳಿನಿಂದ ಮುದುಡಿ ಎಳೆಯಲಿ. ರಾತ್ರಿ ಎದ್ದಾಗ ದೀಪ ಹಾಕಿ. ಕತ್ತಲಲ್ಲಿ ಕಾಲು ನೆಲ ಹುಡುಕುತ್ತದೆ, ಬೀಳುವುದು ಅಲ್ಲೇ.

ಕಾಲು ಕಾಯುವುದು

ಮುಳ್ಳಿನ ಆ ಗಾಯ ಮಾಯಲು ನನಗೆ ಏಳು ವಾರ ಬೇಕಾಯಿತು. ಅಷ್ಟು ದಿನ ತೋಟಕ್ಕೆ ಕಾಲಿಡಲಿಲ್ಲ. ಆಗಿನಿಂದ ಕಲಿತದ್ದು ಇದು.

ದಿನಾ ಸಂಜೆ, ಚಹಾ ಆದಮೇಲೆ, ಕಾಲು ನೋಡಬೇಕು. ಮೇಲೆ, ಕೆಳಗೆ, ಬೆರಳ ಸಂದಿ. ಬಗ್ಗಲಾಗದಿದ್ದರೆ ಗಡ್ಡ ಮಾಡಿಕೊಳ್ಳುವ ಕನ್ನಡಿ ನೆಲಕ್ಕಿಟ್ಟು ಅದರ ಮೇಲೆ ಕಾಲು ಹಿಡಿಯಿರಿ. ಕಣ್ಣು ಮಂಜಾಗಿದ್ದರೆ ಮಕ್ಕಳು ನೋಡಲಿ. ಕೆಂಪು, ಬೊಬ್ಬೆ, ಬಿರುಕು, ಒದ್ದೆ ಯಾವುದಿದ್ದರೂ ಅವತ್ತೇ ಗಮನ ಕೊಡಿ. ತೊಳೆದ ಮೇಲೆ ಬೆರಳ ಸಂದಿ ಒರೆಸಿ ಒಣಗಿಸಿ. ನಮ್ಮ ಒಣ ಹವೆಗೆ ಹಿಮ್ಮಡಿ ಒಡೆಯುತ್ತದೆ, ಕೊಬ್ಬರಿ ಎಣ್ಣೆ ಹಚ್ಚಿ, ಆದರೆ ಸಂದಿಗೆ ಬೇಡ. ಅಲ್ಲಿ ಪಸೆ ನಿಂತರೆ ಬೂಷ್ಟು ಬರುತ್ತದೆ. ಉಗುರು ನೇರಕ್ಕೆ ಕತ್ತರಿಸಿ, ಮೂಲೆ ಕೊರೆಯಬೇಡಿ. ಆಣಿಯನ್ನು ಬ್ಲೇಡಿನಿಂದ ಕೆತ್ತುವುದು, ಆಣಿಯ ಪಟ್ಟಿ ಅಂಟಿಸುವುದು ಎರಡೂ ಬೇಡ.

ಬರಿಗಾಲಲ್ಲಿ ನಡೆಯುವುದನ್ನು ಬಿಡಿ. ಮನೆಯೊಳಗೂ. ಇದಕ್ಕೆ ನಮ್ಮ ಮನೆಯಲ್ಲಿ ದೊಡ್ಡ ಗಲಾಟೆಯೇ ಆಯಿತು, ಅಡುಗೆಮನೆಗೆ, ದೇವರಮನೆಗೆ ಚಪ್ಪಲಿ ಹೇಗೆ ಅಂತ. ಕೊನೆಗೆ ಒಳಗಡೆಗೆ ಅಂತಲೇ ಒಂದು ಜೊತೆ ಹೊಸ ಚಪ್ಪಲಿ ತಂದೆವು, ಅದು ಹೊಸಿಲು ದಾಟುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಗುಡಿಯ ಹಾಸುಗಲ್ಲು ಹಂಚಿನ ಹಾಗೆ ಕಾದಿರುತ್ತದೆ. ಗುಡಿಗೆ ಬೆಳಗಿನ ಜಾವ ಹೋಗಿ, ದಪ್ಪ ಸಾಕ್ಸ್ ಹಾಕಿಕೊಂಡು ಹೋಗಿ. ದೇವರು ಬೇಡ ಅನ್ನುವುದಿಲ್ಲ.

ಹೊಲಕ್ಕೆ ಹೋಗುವಾಗ ಹವಾಯಿ ಚಪ್ಪಲಿ ಸಾಲದು. ಜೋಳ ಕೊಯ್ದ ಮೇಲೆ ಉಳಿಯುವ ಕೂಳೆ ಚೂರಿಯ ಹಾಗಿರುತ್ತದೆ, ಬಳ್ಳಾರಿ ಜಾಲಿಯ ಮುಳ್ಳಿಗಂತೂ ಅಟ್ಟೆಯ ಲೆಕ್ಕವೇ ಇಲ್ಲ. ಗಟ್ಟಿ ಅಟ್ಟೆಯ, ಮುಂದೆ ಅಗಲ ಇರುವ, ಹಿಂದೆ ಪಟ್ಟಿ ಇರುವ ಬೂಟು ಬೇಕು. ಊರಲ್ಲಿ ತಿರುಗಾಡಲು ಎಂಸಿಆರ್ (ಮೈಕ್ರೋ ಸೆಲ್ಯುಲರ್ ರಬ್ಬರ್) ಚಪ್ಪಲಿ ಒಳ್ಳೆಯದು, ಒಳಗಿನ ರಬ್ಬರ್ ಮೆತ್ತಗಿರುತ್ತದೆ. ಬೂಟು ಕೊಳ್ಳುವುದಾದರೆ ಸಂಜೆ ಹೋಗಿ, ಆ ಹೊತ್ತಿಗೆ ಕಾಲು ಸ್ವಲ್ಪ ಬಾತಿರುತ್ತದೆ. "ಹಾಕ್ಕೋತಾ ಹಾಕ್ಕೋತಾ ಸಡಲ ಆಗ್ತದ್ರಿ" ಅನ್ನುವ ಅಂಗಡಿಯವನ ಮಾತು ನಮ್ಮಂಥವರಿಗಲ್ಲ. ಪ್ರತಿ ಸಲ ಕಾಲಿಡುವ ಮೊದಲು ಬೂಟು ತಲೆಕೆಳಗೆ ಮಾಡಿ ಕುಟ್ಟಿ, ಒಳಗೆ ಕೈಯಾಡಿಸಿ. ನನ್ನ ಬೂಟಿನಲ್ಲಿ ಒಂದು ದಿನ ಮೊಮ್ಮಗಳ ಗಜಗ ಸಿಕ್ಕಿತ್ತು.

ಗಾಡಿ ಓಡಿಸುವವರಿಗೆ ಒಂದು ಮಾತು. ಕಾಲಿನ ಬ್ರೇಕ್ ಎಷ್ಟು ಒತ್ತಿದೆ ಅಂತ ಗೊತ್ತಾಗುತ್ತಿಲ್ಲವಾದರೆ ಬೈಕ್, ಟ್ರ್ಯಾಕ್ಟರ್ ಬೇರೆಯವರ ಕೈಗೆ ಕೊಡಿ. ಹಿಂದೆ ಕೂತಾಗಲೂ ಸೈಲೆನ್ಸರ್ ಎಲ್ಲಿದೆ ನೋಡಿಕೊಳ್ಳಿ. ಹೊಸದಾಗಿ ಪ್ರೆಗಾಬಾಲಿನ್ ಶುರು ಮಾಡಿದ ದಿನಗಳಲ್ಲಂತೂ ಗಾಡಿ ಮುಟ್ಟಲೇಬೇಡಿ.

ಇವಕ್ಕೆ ನಾಳೆ ಅನ್ನಬೇಡಿ

ಕಾಲಲ್ಲಿ ಗಾಯವಾಗಿ ಕೀವು, ವಾಸನೆ, ಜ್ವರ ಬಂದರೆ, ಬೆರಳು ಕಪ್ಪಾದರೆ ಅವತ್ತೇ ಆಸ್ಪತ್ರೆ. ಗಾಯವೇ ಇಲ್ಲದೆ ಒಂದು ಪಾದ ಮಾತ್ರ ಕೆಂಪಾಗಿ, ಬಿಸಿಯಾಗಿ, ಬಾತುಕೊಂಡರೆ, ನೋವಿಲ್ಲದಿದ್ದರೂ ಹೋಗಿ. ಒಳಗೆ ಎಲುಬು ಕುಸಿಯುತ್ತಿರಬಹುದು, ಆ ಕಾಲಿನ ಮೇಲೆ ಭಾರ ಹಾಕಬಾರದು. ಕೆಲವೇ ದಿನಗಳಲ್ಲಿ ಕಾಲಿನ ಶಕ್ತಿ ಹೋಗಿ ಮೇಲಕ್ಕೇರುತ್ತಿದ್ದರೆ, ಅಥವಾ ಮೂತ್ರ, ಮಲದ ಹಿಡಿತ ತಪ್ಪಿದರೆ, ತೊಡೆಯ ಸಂದಿ ಮರಗಟ್ಟಿದರೆ ರಾತ್ರಿಯಾದರೂ ಹೊರಡಿ. ಅದು ಶುಗರಿನ ನರದ ಕತೆಯಲ್ಲ, ತಾಸುಗಳ ಲೆಕ್ಕದ ಕೆಲಸ.

ಏನೂ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಕಾಲು ತೋರಿಸಿ. ಸ್ಪರ್ಶ ಹೋದವರು ಮೂರು ಇಲ್ಲವೇ ಆರು ತಿಂಗಳಿಗೊಮ್ಮೆ. ಜಿಲ್ಲಾ, ತಾಲೂಕು ಆಸ್ಪತ್ರೆಗಳ ಎನ್‌ಸಿಡಿ ಕ್ಲಿನಿಕ್ಕಿನಲ್ಲಿ (ಅಂಟುರೋಗವಲ್ಲದ ಕಾಯಿಲೆಗಳ ವಿಭಾಗ) ಶುಗರ್, ಬಿಪಿ ಪುಕ್ಕಟೆ ನೋಡುತ್ತಾರೆ.

ಶ್ರೀಶೈಲದ ಪ್ರಶ್ನೆ

ಯುಗಾದಿ ಹತ್ತಿರ ಬಂದರೆ ನಮ್ಮ ಕಡೆಯ ಊರೂರಿನಿಂದ ಜನ ಶ್ರೀಶೈಲದ ಮಲ್ಲಯ್ಯನ ಹತ್ತಿರ ನಡೆದು ಹೊರಡುತ್ತಾರೆ. 300 ಕಿಲೋಮೀಟರಿಗೂ ಜಾಸ್ತಿ ದಾರಿ, ಕಾದ ಡಾಂಬರು, ಎಷ್ಟೋ ಜನ ಬರಿಗಾಲು. ಶುಗರ್ ಇದ್ದವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಇದೇ: "ಹೋಗಬಹುದೇನು?" ಆರು ಬೆರಳಿನ ಪರೀಕ್ಷೆಯಲ್ಲಿ ಎರಡು ತಪ್ಪಿದ್ದರೆ ನನ್ನ ಉತ್ತರ, ಬೇಡ. ಡಾಕ್ಟರೂ ಅದನ್ನೇ ಹೇಳುತ್ತಾರೆ. ಬೊಬ್ಬೆ ಎದ್ದದ್ದು ಗೊತ್ತಾಗದ ಕಾಲಿಗೆ ಅದು ಒಡೆದದ್ದೂ ಗೊತ್ತಾಗುವುದಿಲ್ಲ. ಹರಕೆ ಇದ್ದರೆ ಬಸ್ಸಿನಲ್ಲಿ ಹೋಗಿ ಬನ್ನಿ.

ನಾನು ಹನ್ನೊಂದು ಸಲ ನಡೆದವನು. ಹೋದ ವರ್ಷ ರಸ್ತೆಯ ಬದಿಯ ದಾಸೋಹದಲ್ಲಿ ಮಜ್ಜಿಗೆ ಹಂಚುತ್ತಾ ನಿಂತಿದ್ದೆ, ಸಾಕ್ಸ್, ಬೂಟು ಹಾಕಿಕೊಂಡು. ಒಬ್ಬ ಹಿರಿಯರು ಮಜ್ಜಿಗೆ ಕುಡಿದು ಲೋಟ ಕೊಡುವಾಗ ನಾನು ಅವರ ಕಾಲು ನೋಡಿದೆ. ಬಲಗಾಲಿನ ಹಿಮ್ಮಡಿ ಪಕ್ಕ ಮಣ್ಣಿಗೆ ರಕ್ತ ಹತ್ತಿತ್ತು. "ನೋಯ್ತದೇನ್ರಿ?" ಅಂದೆ. "ಏನೂ ಇಲ್ಲೋ, ಆರಾಮ ಅದೇನಿ" ಅಂದರು. ಅವರನ್ನು ಅಲ್ಲೇ ಕೂಡಿಸಿ, ಕಾಲು ತೊಳೆದು, ಮಗನಿಗೆ ಫೋನ್ ಮಾಡಿಸಿದೆವು.